ಬಕೆಟ್ಟಿನ ಗುಳುಗುಳು

ನನ್ನ ಬಲಗೈ ಹೆಬ್ಬೆರಳಿನ ಉಗುರನ್ನು ಒಂದು ಕಾಲದಲ್ಲಿ ಮೂರು ದೇಶದವರು ಬಾಡಿಗೆಗೆ ಕೇಳಿದ್ದರು. ಲೇತ್‌ನಿಂದ ಇಳಿದ ಶಾಫ್ಟಿನ ಮೇಲೆ ಆ ಉಗುರನ್ನು ಒಮ್ಮೆ ಎಳೆದರೆ ಸಾಕು, ಕೂದಲಿನ ಹತ್ತರಲ್ಲೊಂದು ಪಾಲಿನಷ್ಟು ಗೀರಿದ್ದರೂ ಅದು ತಡೆದು ನಿಲ್ಲುತ್ತಿತ್ತು. ಮೂರು ದೇಶ ಎಂದರೆ ನಮ್ಮ ಬೀದಿಯ ಮೂರು ವರ್ಕ್‌ಶಾಪು ಎಂದು ನನ್ನ ತಮ್ಮ ತಿದ್ದುತ್ತಾನೆ. ಅವನಿಗೆ ಹುಟ್ಟಿನಿಂದ ತಿದ್ದುವ ಚಪಲ. ನಮ್ಮ ಮನೆಯಲ್ಲಿ ಒಂದು ಕಾಯಿದೆಯನ್ನೇ ಮಾಡಿಟ್ಟಿದ್ದಾರೆ: ಅಕ್ಕ ಏನು ಹೇಳಿದರೂ ಹತ್ತರಿಂದ ಭಾಗಿಸು.

ಅಪ್ಪ ಒಬ್ಬರೇ ಭಾಗಿಸುತ್ತಿರಲಿಲ್ಲ. ಮೂವತ್ತು ವರ್ಷ ಅವರು ಲೇತ್ ಮುಂದೆ ನಿಂತು "ಎಷ್ಟು?" ಎಂದು ಕೇಳಿದ್ದಾರೆ, ನಾನು ಮೈಕ್ರೋಮೀಟರ್ ನೋಡಿ ಹೇಳಿದ್ದೇನೆ. ಒಂದು ದಿನವೂ ತಪ್ಪಿಲ್ಲ. ಆದ್ದರಿಂದ ನನ್ನ ಬಾಯಿಂದ ಬಂದದ್ದೆಲ್ಲ ಅವರಿಗೆ ಅಳತೆಯೇ.

ನಮ್ಮದು ಮುಂದೆ ವರ್ಕ್‌ಶಾಪು, ಹಿಂದೆ ಮನೆ, ನಡುವೆ ಒಂದು ಓಣಿಯಂಥ ಪಡಸಾಲೆ. ಹಿಟ್ಟಿನ ಡಬ್ಬಿಯಲ್ಲಿ ಕಬ್ಬಿಣದ ಸುರುಳಿ ಸಿಕ್ಕಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅಪ್ಪ ಎಪ್ಪತ್ತೆಂಟು ವರ್ಷದ ಟರ್ನರು, ಲೇತ್ ಮೇಲೆ ಲೋಹ ಕಡೆಯುವವರು. ತಮ್ಮ ಈಗಿನ ಯಜಮಾನ. ತಮ್ಮನ ಹೆಂಡತಿ ಅಡುಗೆಮನೆಗೂ ಫೋನಿಗೂ ಒಡತಿ. ಅವರ ಮಗ ಮಾಲು ಸಾಗಿಸುವ ವ್ಯಾನ್ ಓಡಿಸುತ್ತಾನೆ, ಬೀದಿಯೆಲ್ಲ ಅವನನ್ನು ವ್ಯಾನ್ ಎಂದೇ ಕರೆಯುತ್ತದೆ. ವ್ಯಾನಿನ ಹೆಂಡತಿ, ನಮ್ಮ ಸೊಸೆ, ಕಂಪ್ಯೂಟರಿನಲ್ಲಿ ಮೆಷಿನ್‌ಗೆ ಪ್ರೋಗ್ರಾಂ ಬರೆಯುವವಳು. ನಾನು ಅಳತೆ.

ಸೊಸೆ ಬಂದ ವರ್ಷವೇ ಹಳದಿ ಚೀಟಿಗಳು ಶುರುವಾದವು. ಮೊದಲು ಮೆಷಿನ್ ಬಾಗಿಲ ಮೇಲೆ ಒಂದು, ಆಮೇಲೆ ಹತ್ತು, ಆಮೇಲೆ ನೂರು. (ಭಾಗಿಸಿ.)

"ಇದೇನಮ್ಮ, ಗಾಯ ಆದವರಿಗೆ ಪಟ್ಟಿ ಹಾಕಿದ ಹಾಗೆ ಮೆಷಿನ್ ತುಂಬ?" ಎಂದು ಅಪ್ಪ ಕೇಳಿದರು.

"ಟಿಪ್ಸ್ ತಾತ. ಸಾಫ್ಟ್‌ವೇರ್‌ದು."

"ಓದು ನೋಡೋಣ."

"ಒಂದು, ಸ್ಕ್ರೀನ್ ಮೇಲೆ ಓಡಿಸಿ ನೋಡುವಾಗ ಕ್ಲಾಂಪನ್ನೂ ಸೇರಿಸಿ. ಎರಡು, ಹೊಸ ಪ್ರೋಗ್ರಾಂ ಮೊದಲು ಗಾಳಿಯಲ್ಲಿ ಓಡಲಿ, ಆಮೇಲೆ ಲೋಹಕ್ಕೆ. ಮೂರು..."

"ಯಾಕೆ ಅನ್ನೋದು ಎಲ್ಲಿದೆ?"

"ಚೀಟಿ ಚಿಕ್ಕದು ತಾತ. ಅಷ್ಟೆಲ್ಲ ಹಿಡಿಸಲ್ಲ."

"ಯಾಕೆ ಇಲ್ಲದ ಮಾತು ತಲೆ ಇಲ್ಲದ ಮೊಳೆ ಇದ್ದ ಹಾಗೆ ಕಣಮ್ಮ. ಹೊಡೆದ್ರೆ ಒಳಗೇನೋ ಹೋಗುತ್ತೆ. ಆದ್ರೆ ಏನನ್ನೂ ಹಿಡಿದುಕೊಳ್ಳಲ್ಲ."

ಸೊಸೆ ನಕ್ಕಳು. ತಮ್ಮ ನಗಲೂ ಇಲ್ಲ, ಓದಲೂ ಇಲ್ಲ. ಆ ವಾರವೇ ಅವನು ಲೋಹವನ್ನು ಬಿಗಿದಿಡುವ ಕ್ಲಾಂಪನ್ನು ಲೆಕ್ಕಕ್ಕೆ ಹಿಡಿಯದೆ ಪ್ರೋಗ್ರಾಂ ಓಡಿಸಿದ. ಸ್ಕ್ರೀನ್ ಮೇಲೆ ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೋಯಿತು. ಮೆಷಿನ್‌ನಲ್ಲಿ ಟೂಲು ಹೋಗಿ ಕ್ಲಾಂಪಿಗೆ ಬಡಿಯಿತು. ಆ ಸದ್ದಿಗೆ ಮೂರು ಬೀದಿಯ ನಾಯಿಗಳು ಊರು ಬಿಟ್ಟು ಹೋಗಿ ಇವತ್ತಿಗೂ ಬಂದಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಯಾರ ತಟ್ಟೆಯಲ್ಲೂ ಅನ್ನ ಕರಗಲಿಲ್ಲ.

"ಚೀಟೀಲಿ ಬರೆದಿತ್ತಲ್ಲಪ್ಪ," ಎಂದ ವ್ಯಾನ್.

"ನಿನ್ನ ಹೆಂಡತಿ ಬರೆಯೋದನ್ನೆಲ್ಲ ಓದ್ತಾ ಕೂತ್ರೆ ಕೆಲಸ ಯಾರು ಮಾಡ್ತಾರೆ, ನಿಮ್ಮಜ್ಜನಾ?"

"ಕೆಲಸ ಮಾಡ್ತಾನೇ ಇದೀನಲ್ಲೋ," ಎಂದರು ಅಪ್ಪ. "ಪಲ್ಯ ಹಾಕು."

ಎರಡನೇ ವಾರ ಮೆಟಲ್ ಪ್ರಿಂಟರ್ ಬಂತು. ಸೊಸೆ ಆರು ತಿಂಗಳಿಂದ ಹಟ ಹಿಡಿದಿದ್ದಳು. ಟೂಲು ಒಳಗೆ ಹೋಗಲಾಗದ ಡೊಂಕು ದಾರಿಯ ಭಾಗಗಳನ್ನು ಕೇಳಿಕೊಂಡು ಗಿರಾಕಿಗಳು ಬರುತ್ತಿದ್ದರು, ನಾವು ವಾಪಸು ಕಳಿಸುತ್ತಿದ್ದೆವು. ಆರು ತಿಂಗಳ ಬಾಡಿಗೆ ಮಾತಿನ ಮೇಲೆ ಬಂದ ಆ ಮೆಷಿನ್ ಒಂದು ದೊಡ್ಡ ಬೀರುವಿನಷ್ಟಿತ್ತು. ನಾನು ಬೀದಿಯಲ್ಲಿ ಹೇಳಿದ್ದು ಲಾರಿಯಷ್ಟು ಎಂದು. ಪಡಸಾಲೆಯ ಕೊನೆಯ ಸಾಮಾನು ಕೋಣೆಯನ್ನು ಖಾಲಿ ಮಾಡಿ ಅಲ್ಲಿ ಇಟ್ಟರು. ಆ ಕೋಣೆಗೆ ಪಡಸಾಲೆಯ ಕಡೆ ಗಾಜಿನ ಕಿಂಡಿಯಿರುವ ಬಾಗಿಲು, ಹಿಂದಿನ ಗಲ್ಲಿಯ ಕಡೆ ಸುತ್ತಿ ಎತ್ತುವ ಶಟರ್. ಗ್ಯಾಸ್ ಸಿಲಿಂಡರುಗಳನ್ನು ಪಡಸಾಲೆಯಲ್ಲಿ ಸರಪಳಿ ಹಾಕಿ ನಿಲ್ಲಿಸಿದರು.

"ಹಿಟ್ಟಿನಂಥ ಲೋಹದ ಪುಡಿ ತಾತ. ಕೂದಲಿಗಿಂತ ತೆಳುವಾಗಿ ಒಂದು ಪದರ ಹರಡುತ್ತೆ, ಬೇಕಾದ ಕಡೆ ಲೇಸರ್ ಕರಗಿಸುತ್ತೆ. ಮತ್ತೆ ಪದರ, ಮತ್ತೆ ಕರಗಿಸೋದು. ಹೀಗೇ ಸಾವಿರ ಸಲ," ಎಂದು ಸೊಸೆ ವಿವರಿಸಿದಳು.

"ಅಂದ್ರೆ ಕೆತ್ತೋದಲ್ಲ, ಮೆತ್ತೋದು. ಮಣ್ಣಿನ ಗೋಡೆ ಕಟ್ಟಿದ ಹಾಗೆ."

"ಹೂಂ, ಹಾಗೇ."

"ಐವತ್ತು ವರ್ಷ ಬೇಡದ್ದನ್ನ ತೆಗೆದು ಹಾಕೋದು ಕಲಿತೆ. ಈಗ ಬೇಕಾದ್ದನ್ನ ಮೆತ್ತು ಅಂತೀಯ. ಆಗಲಿ."

ತಮ್ಮನ ಹೆಂಡತಿಗೆ ಬೇರೆಯದೇ ಚಿಂತೆ. "ಆ ಪುಡಿ ಅಡುಗೆಮನೆಗೆ ಬಂದ್ರೆ? ಮೂಗಿಗೆ ಹೋದ್ರೆ? ಬೆಂಕಿ ಹತ್ತಿದ್ರೆ?"

"ಅದಕ್ಕೇ ಮಾಸ್ಕು, ಗ್ಲೌಸು, ಒದ್ದೆ ಬಟ್ಟೆ ಅತ್ತೆ. ಪೊರಕೆ ಮುಟ್ಟೋ ಹಾಗಿಲ್ಲ."

"ಮತ್ತೆ ಈ ಗ್ಯಾಸು? ವಿಷವಾ?"

"ವಿಷ ಅಲ್ಲ. ಬೆಂಕೀನೂ ಹತ್ತಲ್ಲ. ವಾಸನೇನೂ ಇಲ್ಲ. ಮೆಷಿನ್ ಒಳಗಿರೋ ಗಾಳಿಯನ್ನ ಹೊರಗೆ ತಳ್ಳೋಕೆ ಅಷ್ಟೇ. ಕೆಲಸ ಮುಗಿಯೋವರೆಗೂ ಒಂದು ಕಡೆಯಿಂದ ಹೋಗ್ತಾ, ಈ ಪೈಪಿಂದ ಗಲ್ಲಿಗೆ ಬರ್ತಾ ಇರುತ್ತೆ."

"ವಿಷ ಅಲ್ಲ ಅಂದ್ಮೇಲೆ ಬದುಕಿದ್ವಿ," ಎಂದಳು ಅವಳು.

ಹಾಗೆ ನಮ್ಮ ಮನೆಯವರೆಲ್ಲ ಸೇರಿ ಪುಡಿಗೆ ಹೆದರಬೇಕು, ಗ್ಯಾಸಿಗೆ ಹೆದರಬೇಕಿಲ್ಲ ಎಂದು ತೀರ್ಮಾನ ಮಾಡಿದೆವು.

ಸೊಸೆ ಆ ಕೋಣೆಗೂ ಚೀಟಿ ಅಂಟಿಸಿದಳು. ಏಳನೇ ಚೀಟಿ: "ಗಾಳಿ ಮೀಟರ್ ಮೊಣಕಾಲೆತ್ತರದಲ್ಲೇ ಇರಲಿ." ಎಂಟನೇ ಚೀಟಿ: "ಪೈಪಿನ ಬಾಯಿ ಸದಾ ಹೊರಗೇ ಇರಲಿ." ಒಂಬತ್ತನೇ ಚೀಟಿ: "ಒಬ್ಬರು ಬಿದ್ದರೆ ಇನ್ನೊಬ್ಬರು ಒಳಗೆ ಹೋಗಬಾರದು." ಮೀಟರ್ ಎಂದರೆ ಅಂಗೈ ಅಗಲದ ಡಬ್ಬಿ, ಕೋಣೆಯ ಗಾಳಿಯಲ್ಲಿ ಉಸಿರಿಗೆ ಬೇಕಾದ ಆಕ್ಸಿಜನ್ ನೂರಕ್ಕೆ ಎಷ್ಟಿದೆ ಎಂದು ತೋರಿಸುವುದು. ಸಾಮಾನ್ಯಕ್ಕೆ ಇಪ್ಪತ್ತು ಪಾಯಿಂಟ್ ಒಂಬತ್ತು. ಇಳಿದರೆ ಅರಚುತ್ತದೆ. ಒಂಬತ್ತನೇ ಚೀಟಿ ನೋಡಿ ತಮ್ಮ, "ಯಾರು ಬೀಳ್ತಾರೆ, ಎಲ್ಲಿಂದ ಬೀಳ್ತಾರೆ? ಅಲ್ಲಿ ಏಣೀನೇ ಇಲ್ಲ," ಎಂದ. ಅದು ಇಡೀ ವಾರದ ಜೋಕಾಯಿತು.

ಮೂರನೇ ವಾರ ನಾನು ನನ್ನ ಕೈಲಾದ ಸೇವೆ ಮಾಡಿದೆ. ಬಟ್ಟೆ ಒಣಗಿಸಲು ಗಲ್ಲಿಗೆ ಹೋಗಿದ್ದೆ. ಪೈಪಿನ ಬಾಯಿಯ ಹತ್ತಿರ ಒಂದು ಬೂದು ಬೆಕ್ಕು ಕೂತಿತ್ತು. ಅದು ಸೀನಿತು. ನಡೆದದ್ದು ಅಷ್ಟೇ. ರಾತ್ರಿಯೂಟದ ಹೊತ್ತಿಗೆ ಆ ಸೀನು ಬೆಳೆದು ದೊಡ್ಡದಾಗಿತ್ತು.

"ಪೈಪಿಂದ ಬುಸ್ ಅಂತ ಪುಡಿ ಬಂತು. ಬೆಕ್ಕು ಮೂರು ಸುತ್ತು ತಿರುಗಿತು, ಬಾಯಲ್ಲಿ ನೊರೆ, ನಾಲ್ಕೂ ಕಾಲು ಮೇಲೆ! ಅಲ್ಲೇ ಹೋಯ್ತು ಪ್ರಾಣ."

"ಹತ್ತರಿಂದ ಭಾಗಿಸಿದ್ರೆ ಬೆಕ್ಕಿಗೆ ನೆಗಡಿ," ಎಂದ ತಮ್ಮ.

"ಇಲಿ ಹೋಯ್ತು ಅಂದ್ರೆ ಹುಲಿ ಹೋಯ್ತು ಅನ್ನೋರು ನೀವು ಅತ್ತಿಗೆ," ಎಂದಳು ಅವನ ಹೆಂಡತಿ. ಆದರೂ ಅವಳ ಕೈ ಸಾರಿನ ಪಾತ್ರೆಗೆ ಮುಚ್ಚಳ ಹುಡುಕುತ್ತಿತ್ತು.

ಸೊಸೆ, "ಪೈಪಿಗೆ ಫಿಲ್ಟರ್ ಇದೆ ದೊಡ್ಡತ್ತೆ. ಪುಡಿ ಬರಲ್ಲ," ಎಂದಳು.

"ನೀನು ನೋಡಿದ್ಯಾ? ನಾನು ನೋಡಿದೀನಿ!"

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಕೈ ತೊಳೆಯುವಾಗ ನನ್ನನ್ನು ಕೇಳಿದರು, "ಎಷ್ಟು ಪುಡಿ ಬಂತು ಮಗಳೇ?"

"ಒಂದು ಹಿಡಿ ಅಪ್ಪ," ಎಂದೆ.

ಆ ದಿನದಿಂದ ಅಪ್ಪ ಗಲ್ಲಿಯ ಮಕ್ಕಳಿಗೆ ಹೆದರತೊಡಗಿದರು, ಅಂದರೆ ಮಕ್ಕಳಿಗೆ ಏನಾದರೂ ಆದೀತೆಂದು. ದಿನಕ್ಕೆ ಎರಡು ಸಲ ಹೋಗಿ ಪೈಪಿನ ಬಾಯಿ ನೋಡಿ ಬರುತ್ತಿದ್ದರು. ಹಾಗೆಂದು ಮೆಷಿನ್ ಮೇಲೆ ಅವರಿಗೆ ಹಗೆ ಇರಲಿಲ್ಲ. ಪ್ರಿಂಟ್ ಆಗಿ ಬಂದ ಭಾಗಕ್ಕೆ ತಳದಲ್ಲಿ ಆಸರೆಯ ಕಡ್ಡಿಗಳು ಅಂಟಿರುತ್ತವೆ, ಅವನ್ನು ಕತ್ತರಿಸಿ ಅರದಿಂದ ಉಜ್ಜಿ ನಯ ಮಾಡಬೇಕು. ಆ ಕೆಲಸಕ್ಕೆ ತಾಳ್ಮೆ ಬೇಕು, ಕೈ ಬೇಕು. ನಮ್ಮಲ್ಲಿ ಅವೆರಡೂ ಇದ್ದದ್ದು ಅಪ್ಪನಿಗೆ ಮಾತ್ರ. ಶಟರಿನ ಪಕ್ಕ ಒಂದು ಗಿಡ್ಡ ಬೆಂಚು, ಭಾಗವನ್ನು ಕಚ್ಚಿ ಹಿಡಿಯಲು ಅದಕ್ಕೊಂದು ವೈಸು, ಮುಂದೆ ಗಿಡ್ಡ ಸ್ಟೂಲು ಹಾಕಿಕೊಂಡು, ಸೊಂಟಕ್ಕೆ ಚರ್ಮದ ಏಪ್ರನ್ ಬಿಗಿದು ಕೂರುತ್ತಿದ್ದರು.

"ನೋಡಮ್ಮ, ನಿನ್ನ ಲೇಸರ್‌ಗೂ ಕೊನೆಗೆ ಮುದುಕನ ಅರಾನೇ ಬೇಕು."

"ಬೇಕೇ ಬೇಕು ತಾತ. ಅದನ್ನೂ ಒಂದು ಚೀಟೀಲಿ ಬರೀತೀನಿ."

"ಯಾಕೆ ಅಂತಲೂ ಬರಿ."

ನಾಲ್ಕನೇ ವಾರ ಸೊಸೆ ಮೂರು ದಿನ ಗಿರಾಕಿಯ ಕಾರ್ಖಾನೆಗೆ ಹೊರಟಳು, ಅವರಿಗೆ ಪ್ರೋಗ್ರಾಂ ಕಲಿಸಿಕೊಡಲು. ಮೂರು ದಿನದ ಕೆಲಸಗಳನ್ನು ಕಂಪ್ಯೂಟರಿನಲ್ಲಿ ಸಾಲಾಗಿ ಜೋಡಿಸಿಟ್ಟು, ಯಾವ ಗುಂಡಿ ಯಾವಾಗ ಒತ್ತಬೇಕೆಂದು ಮಾವನಿಗೆ ನಾಲ್ಕು ಸಲ ಹೇಳಿದಳು. ನಾಲ್ಕನೇ ಸಲಕ್ಕೆ ತಮ್ಮ ಕಿವಿ ಕೆರೆದುಕೊಂಡ.

ಅವಳು ಹೋದ ಬೆಳಿಗ್ಗೆಯೇ ಅಪ್ಪ ಪೈಪಿನ ಬಾಯನ್ನು ಗಲ್ಲಿಯಿಂದ ಒಳಗೆಳೆದುಕೊಂಡರು. ಗೋಡೆಯ ತೂತಿಗೆ ಎಣ್ಣೆ ಒರೆಸುವ ವೇಸ್ಟ್ ಬಟ್ಟೆ ಗಿಡಿದರು. ಒಂದು ಬಕೆಟ್ ನೀರು ತಂದು ಪೈಪಿನ ತುದಿಯನ್ನು ಅದರಲ್ಲಿ ಮುಳುಗಿಸಿದರು. ಗುಳು, ಗುಳು, ಗುಳು.

"ಈಗ ಪುಡಿ ನೀರಲ್ಲೇ ಕೂರುತ್ತೆ. ಬರೀ ಗ್ಯಾಸ್ ತಾನೇ ಮೇಲೆ ಬರೋದು? ಅದು ವಿಷ ಅಲ್ವಲ್ಲ," ಎಂದರು.

ನಾವೆಲ್ಲ ಸಾಲಾಗಿ ಹೋಗಿ ನೋಡಿದೆವು. ಅಂಥ ಬುದ್ಧಿವಂತಿಕೆಯನ್ನು ಜಗತ್ತು ಕಂಡಿರಲಿಲ್ಲ. ತಮ್ಮ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಪೇಟೆಂಟ್ ಮಾಡಿಸ್ಬೇಕು ಅಪ್ಪ," ಎಂದ. ನಾನು ಬೀದಿಯ ಏಳು ಮನೆಗೆ ಸುದ್ದಿ ಮುಟ್ಟಿಸಿ ಬಂದೆ. ಏಳು ಎಂದರೆ ಎರಡು.

ಸಂಜೆಯ ಹೊತ್ತಿಗೆ ಮೀಟರ್ ಅರಚತೊಡಗಿತು.

ಆ ಸದ್ದು ಮನೆಯ ಮೂಲೆಮೂಲೆಗೂ ಕೇಳುತ್ತಿತ್ತು. ತಮ್ಮ ಅದನ್ನು ತಟ್ಟಿದ, ಅಲುಗಾಡಿಸಿದ. ಬಾಗಿಲು ತೆರೆದಿಟ್ಟರೆ ಸುಮ್ಮನಾಗುತ್ತಿತ್ತು, ಮುಚ್ಚಿದರೆ ಮತ್ತೆ ಶುರು.

"ಅವಳಿಗೊಂದು ಫೋನ್ ಮಾಡ್ಲಾ?" ಎಂದ ವ್ಯಾನ್.

"ಏನಂತ? ಮೀಟರ್ ಕೂಗ್ತಿದೆ, ಬಂದು ಜೋಗುಳ ಹಾಡು ಅಂತಾನಾ? ಈ ಮನೇಲಿ ಐವತ್ತು ವರ್ಷದಿಂದ ಅಳತೆ ಮಾಡ್ತಿದೀವಿ ಕಣೋ."

ಅಪ್ಪ ಬಾಗಿ ಮೀಟರ್ ಇದ್ದ ಜಾಗ ನೋಡಿದರು. ಅವರ ಮುಖದಲ್ಲಿ ನೋವು ಕಂಡಿತು. "ಅಳತೆ ಸಾಮಾನನ್ನ ನೆಲದ ಹತ್ರ ಇಡೋದಾ? ಪಕ್ಕದಲ್ಲಿ ಕಂಪ್ರೆಸರ್ ನಡುಗ್ತಿದೆ. ಈ ಕಡೆ ಬಕೆಟ್ಟಿನ ತೇವ. ಪಾಪ, ಅದು ಅರಚದೆ ಏನು ಮಾಡುತ್ತೆ?"

ಇದು ನಮ್ಮ ಮನೆಯ ವೇದವಾಕ್ಯ. ಮೈಕ್ರೋಮೀಟರನ್ನು ಬೆಂಚಿನ ಅಂಚಿನಲ್ಲಿಟ್ಟದ್ದಕ್ಕೆ ಅಪ್ಪ ನನ್ನನ್ನು ಹತ್ತನೇ ವಯಸ್ಸಿನಲ್ಲಿ ಒಂದು ಹೊತ್ತು ಊಟವಿಲ್ಲದೆ ಕೂರಿಸಿದ್ದರು. ಅಳತೆಯ ಸಾಮಾನು ಕಣ್ಣಿನ ಎತ್ತರದ ಕಪಾಟಿನಲ್ಲಿ, ಫ್ಲಾನೆಲ್ ಬಟ್ಟೆಯ ಮೇಲೆ ಇರಬೇಕು. ಅಪ್ಪ ಮೀಟರನ್ನು ಗೋಡೆಯಿಂದ ಬಿಚ್ಚಿ, ಒರೆಸಿ, ಮೇಲಿನ ಕಪಾಟಿನಲ್ಲಿ ಮಗುವನ್ನು ಮಲಗಿಸಿದ ಹಾಗೆ ಇಟ್ಟರು.

ಅದು ತಟ್ಟನೆ ಸುಮ್ಮನಾಯಿತು.

"ನೋಡಿದ್ರಾ?" ಎಂದರು ಅಪ್ಪ.

ನೋಡಿದೆವು. ಏಳನೇ ಚೀಟಿ ಬರಿಗೋಡೆಯ ಮೇಲೆ ಮೊಣಕಾಲೆತ್ತರದಲ್ಲಿ ಹಾಗೇ ಇತ್ತು. ಅದರಲ್ಲಿ ಯಾಕೆ ಎಂದು ಬರೆದಿರಲಿಲ್ಲ.

ಎರಡನೇ ದಿನ ಏನೂ ಆಗಲಿಲ್ಲ. ಕೆಲಸ ಚಿಕ್ಕದು, ಬಾಗಿಲೂ ತೆರೆದೇ ಇತ್ತು. ಮೂರನೇ ದಿನದ ಕೆಲಸ ದೊಡ್ಡದು. ತಮ್ಮ ಬೆಳಿಗ್ಗೆ ಏಳಕ್ಕೆ ಗುಂಡಿ ಒತ್ತಿದ. ಪಡಸಾಲೆಯಲ್ಲಿ ಹಾದು ಹೋಗುವಾಗ ತಮ್ಮನ ಹೆಂಡತಿಗೆ ಕಾಲಡಿಯಲ್ಲಿ ಏನೋ ಕರಕರ ಎಂದಿತಂತೆ. ಅವಳು ಆ ಬಾಗಿಲು ಮುಚ್ಚಿ, ಅದರ ಕೆಳಗಿನ ಸಂದಿಗೆ ಒದ್ದೆ ಟವೆಲು ತುರುಕಿದಳು. "ಪುಡಿ ಒಳಗೇ ಇರಲಿ. ಅತ್ತಿಗೆ ಹೇಳಿದ ಬೆಕ್ಕಿನ ಗತಿ ನಮಗೆ ಬೇಡ."

ನೋಡಿ, ಭಾಗಿಸುವವರೂ ಒಳಗೊಳಗೇ ಸ್ವಲ್ಪ ನಂಬಿರುತ್ತಾರೆ.

ಹನ್ನೆರಡೂವರೆಗೆ ಅಪ್ಪ ಅರ ಹಿಡಿದು ಆ ಕೋಣೆಗೆ ಹೋದರು. ಹೋಗುವಾಗ ಟವೆಲು ಸರಿಸಿದರು. ಒಳಗೆ ಹೋದ ಮೇಲೆ ತಮ್ಮನ ಹೆಂಡತಿ ಅದನ್ನು ಮತ್ತೆ ತುರುಕಿದಳು. ಒಂದಕ್ಕೆ ಊಟ. ಒಂದಕ್ಕೆ ಹತ್ತು ನಿಮಿಷ ಇರುವಾಗ ನಾನು ಹೋಗಿ ಬಾಗಿಲು ತಟ್ಟಿದೆ.

"ಅಪ್ಪ, ಊಟಕ್ಕೆ."

"ಇನ್ನೊಂದು ಮೂಲೆ ಉಳಿದಿದೆ. ಬಂದೆ. ಯಾಕೋ ಇವತ್ತು ಅರ ಭಾರ."

"ವಯಸ್ಸಾಯ್ತು ಅಪ್ಪ!" ಎಂದು ನಕ್ಕು ಬಂದೆ. ಮೊಟ್ಟೆಗಳನ್ನು ಕುದಿನೀರಿಗೆ ಇಳಿಸಿ ಒಂಬತ್ತು ನಿಮಿಷಕ್ಕೆ ಟೈಮರ್ ತಿರುಗಿಸಿದೆ. ಅದು ಕಿರ್ ಎಂದಾಗ ಒಲೆ ಆರಿಸಿ ಮತ್ತೆ ಕರೆಯಲು ಹೋದೆ.

ಗಾಜಿನ ಕಿಂಡಿಯಲ್ಲಿ ನೋಡಿದೆ. ಅಪ್ಪ ಸ್ಟೂಲಿನ ಪಕ್ಕ ನೆಲದಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದರು. ಅರ ಕೈಯಿಂದ ಅಷ್ಟು ದೂರ. ಬಾಯಿ ತೆರೆದಿತ್ತು. ಬಕೆಟ್ಟು ಗುಳುಗುಳು ಎನ್ನುತ್ತಿತ್ತು. ಕಪಾಟಿನ ಮೇಲೆ ಮೀಟರಿನ ಹಸಿರು ದೀಪ ಉರಿಯುತ್ತಿತ್ತು.

ನಾನು ಕೂಗಿದೆ. ಎಷ್ಟು ಜೋರಾಗಿ ಎಂದು ಹೇಳುವುದಿಲ್ಲ.

ತಮ್ಮ ಓಡಿ ಬಂದ, ಅವನ ಹಿಂದೆ ವ್ಯಾನ್. ಅದೇ ಹೊತ್ತಿಗೆ ಮುಂಬಾಗಿಲಿನಿಂದ ಸೊಸೆ ಒಳಗೆ ಬಂದಳು, ಹೆಗಲಲ್ಲಿ ಬ್ಯಾಗು, ಮುಖದಲ್ಲಿ ಪ್ರಯಾಣದ ಬೆವರು. ತಮ್ಮ ಬಾಗಿಲ ಹಿಡಿಗೆ ಕೈ ಹಾಕುವಷ್ಟರಲ್ಲಿ ಅವಳು ಕಿಂಡಿಯಲ್ಲಿ ಒಮ್ಮೆ ಇಣುಕಿದಳು. ಬಕೆಟ್ಟು ನೋಡಿದಳು. ಖಾಲಿ ಗೋಡೆ ನೋಡಿದಳು. ಬ್ಯಾಗು ಬಿಸಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಯಾರೂ ಒಳಗೆ ಹೋಗ್ಬೇಡಿ!"

"ಏಯ್, ಸರಿ ಆ ಕಡೆ! ಅಪ್ಪ ಬಿದ್ದಿದಾರೆ!"

"ಅದಕ್ಕೇ ಮಾವ! ಒಳಗೆ ಗಾಳಿ ಇಲ್ಲ. ಹೋದ್ರೆ ನೀವೂ ಬೀಳ್ತೀರಿ."

"ಉಸಿರು ಬಿಗಿ ಹಿಡ್ಕೊಂಡು ಹೋಗ್ತೀನಿ, ಸರಿ ಅಂದೆ!"

"ಎತ್ತೋಕೆ ಬಗ್ಗಿದಾಗ ಉಸಿರು ಎಳೀತೀರಿ ಮಾವ. ಒಂದೇ ಉಸಿರು ಸಾಕು."

"ನಿಮ್ಮಪ್ಪ ಆಗಿದ್ರೆ ಹೀಗೆ ನಿಲ್ತಿದ್ಯೇನೇ?" ತಮ್ಮ ಅವಳ ತೋಳು ಹಿಡಿದು ಎಳೆದ. ಅವಳ ಭುಜ ಬಾಗಿಲಿಗೆ ಬಡಿಯಿತು.

"ನಿಲ್ತಿದ್ದೆ!" ಎಂದಳು. ಅಳುತ್ತಿದ್ದಳು, ಆದರೆ ಸರಿಯಲಿಲ್ಲ. "ಸಿಲಿಂಡರ್ ಮುಚ್ಚಿ ಮಾವ. ನಿಮ್ಮ ಹಿಂದೇನೇ ಇದೆ. ಮುಚ್ಚಿ! ದೊಡ್ಡತ್ತೆ, ಶಟರ್ ಕೀ!"

ಮನೆಯ ಕೀಲಿಗಳೆಲ್ಲ ನನ್ನ ಸೊಂಟದಲ್ಲಿ. ನಾನು ತಮ್ಮನ ರಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದೆ. "ಅವಳು ಹೇಳಿದ ಹಾಗೆ ಮಾಡೋ!" ಎಂದೆ. ಅವನು ನನ್ನ ಮುಖ ನೋಡಿದ. ಏನು ಕಂಡನೋ, ತಿರುಗಿ ಸಿಲಿಂಡರಿನ ಚಕ್ರಕ್ಕೆ ಕೈ ಹಾಕಿದ.

ನಾನೂ ವ್ಯಾನೂ ಮುಂಬಾಗಿಲಿನಿಂದ ಸುತ್ತಿ ಹಿಂದಿನ ಗಲ್ಲಿಗೆ ಓಡಿದೆವು. ತೊಂಬತ್ತಾರು ಹೆಜ್ಜೆ. ಆಮೇಲೆ ಎಣಿಸಿ ನೋಡಿದ್ದೇನೆ. ಬೀಗಕ್ಕೆ ಕೀಲಿ ಹೋಗಲಿಲ್ಲ. ಕೂದಲ ಗೀರನ್ನು ಹುಡುಕುವ ನನ್ನ ಕೈಗೆ ಬೀಗದ ತೂತು ಸಿಗಲಿಲ್ಲ. ವ್ಯಾನ್ ಕಿತ್ತುಕೊಂಡು ತೆಗೆದ. ಶಟರ್ ಧಡಧಡ ಮೇಲಕ್ಕೆ ಹೋಯಿತು. ಅಪ್ಪ ಹೊಸ್ತಿಲಿನಿಂದ ಒಂದಾಳು ದೂರದಲ್ಲಿ ಬಿದ್ದಿದ್ದರು. ವ್ಯಾನ್ ಒಂದು ಕಾಲು ಮುಂದಿಟ್ಟ. ನಾನು ಅವನ ಅಂಗಿಯ ಕಾಲರು ಹಿಡಿದೆ.

"ಬಿಡು ಅತ್ತೆ! ಇಲ್ಲೇ ಇದಾರೆ!"

"ಬಿಡಲ್ಲ."

ಸೊಸೆ ಬಂದಳು. ಅವಳ ಕೈಯಲ್ಲಿ ಮೆಷಿನ್ ಒಳಗಿನ ಕಬ್ಬಿಣದ ಸುರುಳಿ ಎಳೆಯುವ ಕೊಕ್ಕೆ ಇತ್ತು. ತುದಿಯಲ್ಲಿ ಬಾಗಿದ ಉದ್ದನೆಯ ಸರಳು, ಎಲ್ಲ ವರ್ಕ್‌ಶಾಪಿನಲ್ಲೂ ಮೂಲೆಯಲ್ಲಿ ಬಿದ್ದಿರುವಂಥದ್ದು. ವ್ಯಾನ್ ಹೊರಗೇ ನಿಂತು, ಕೈ ಚಾಚಿ, ಅಪ್ಪನ ಏಪ್ರನ್ನಿನ ಪಟ್ಟಿಗೆ ಕೊಕ್ಕೆ ಸಿಕ್ಕಿಸಿದ. ಒಮ್ಮೆ ಜಾರಿತು. ಮತ್ತೊಮ್ಮೆ ಸಿಕ್ಕಿತು. ನಾವು ಮೂವರೂ ಎಳೆದೆವು. ಐವತ್ತು ವರ್ಷ ಲೋಹ ಎಳೆದ ಮನುಷ್ಯನನ್ನು ಲೋಹದ ಸುರುಳಿಯ ಹಾಗೆ ಎಳೆದು ಗಲ್ಲಿಗೆ ಹಾಕಿದೆವು. ತುಟಿ ನೀಲಿಯಾಗಿತ್ತು.

ಸೊಸೆ ಮಂಡಿಯೂರಿ ಅವರ ಎದೆ ಒತ್ತಿದಳು, ಬಾಯಿಗೆ ಬಾಯಿಟ್ಟು ಊದಿದಳು, ಮತ್ತೆ ಒತ್ತಿದಳು. ತಮ್ಮ ಬಂದು ಗೋಡೆಗೆ ಒರಗಿ ನಿಂತ. ಎಲ್ಲರಿಗಿಂತ ಗಟ್ಟಿಗಿತ್ತಿ ಎಂದು ಹೆಸರಾದ ಅವನ ಹೆಂಡತಿ ಒದ್ದೆ ಟವೆಲನ್ನು ಕೈಯಲ್ಲಿ ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರೇ ಉಳಿದಿರಲಿಲ್ಲ. ಯಾವಾಗ ಅಪ್ಪನ ಗಂಟಲಿನಿಂದ ಒಡಕು ಪೈಪಿನಂಥ ಸದ್ದು ಬಂತೋ, ಆಗ ಅವಳು ಟವೆಲು ಬಿಟ್ಟಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. "ಕೊನೆಯ ಸಲ ಅವರು ಮಾತಾಡಿದ್ದು ಯಾವಾಗ? ಅಲ್ಲಿಂದ ಹೊರಗೆ ಎಳೆಯೋವರೆಗೆ ಎಷ್ಟು ನಿಮಿಷ? ಅದರ ಮೇಲೆ ಮುಂದಿನದು ನಿಂತಿದೆ."

ಎಲ್ಲರೂ ನನ್ನ ಕಡೆ ತಿರುಗಿದರು. ಎರಡು ನಿಮಿಷ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಎರಡು ಎಂದರೆ ಎರಡೇ ಆಗುತ್ತದೆ ಎನ್ನುವಂತೆ.

"ಒಂಬತ್ತು," ಎಂದೆ. "ಮೊಟ್ಟೆಯ ಟೈಮರ್ ಇಟ್ಟಿದ್ದೆ. ಅದರ ಮೇಲೆ ಶಟರ್ ತೆಗೆದು ಎಳೆಯೋಕೆ ಮೂರು. ಒಟ್ಟು ಹನ್ನೆರಡಕ್ಕೆ ಹೆಚ್ಚಿಲ್ಲ."

"ಅಕ್ಕ," ಎಂದ ತಮ್ಮ. "ಸರಿಯಾಗಿ ಹೇಳು."

"ಸರಿಯಾಗೇ ಹೇಳಿದೀನಿ. ಭಾಗಿಸಬೇಡ."

ಡಾಕ್ಟರು ಬರೆದುಕೊಂಡರು. "ಪೂರ್ತಿ ಹನ್ನೆರಡೂ ಉಸಿರಿಲ್ಲದೆ ಇದ್ದಿದ್ರೆ ಉಳೀತಿರಲಿಲ್ಲ. ನೋಡೋಣ," ಎಂದು ಒಳಗೆ ಹೋದರು.

ಆ ಬೆಂಚಿನ ಮೇಲೆ ಕೂತು ನಾವು ಎರಡು ದಿನ ಒಣ ಬ್ರೆಡ್ಡು ತಿಂದೆವು. ಸೊಸೆ ತನ್ನ ಭುಜ ಹಿಡಿದುಕೊಂಡು ಕೂತಿದ್ದಳು. ತಮ್ಮ ಅದನ್ನೇ ನೋಡುತ್ತಿದ್ದ.

"ನೋವಾಗ್ತಿದ್ಯಾ?" ಎಂದು ಕೊನೆಗೂ ಕೇಳಿದ.

"ಇಲ್ಲ ಮಾವ." ಭುಜದಿಂದ ಕೈ ತೆಗೆದು, "ಆ ಗ್ಯಾಸು ಗಾಳಿಗಿಂತ ಭಾರ. ನೆಲದಿಂದ ತುಂಬ್ತಾ ಬರುತ್ತೆ. ಅದಕ್ಕೇ ಮೀಟರ್ ಕೆಳಗೆ. ಅಷ್ಟನ್ನ ಚೀಟೀಲಿ ಬರೆದಿದ್ರೆ..." ಎಂದಳು.

"ನಾನು ಅದನ್ನ ಓದ್ತಿರಲಿಲ್ಲ," ಎಂದ ತಮ್ಮ.

"ತಾತ ಓದ್ತಿದ್ರು," ಎಂದಳು ಅವಳು.

ಟವೆಲಿನ ಮಾತನ್ನು ತಮ್ಮನ ಹೆಂಡತಿ ತಾನೇ ಎತ್ತಿದಳು. ಬೆಕ್ಕಿನ ಮಾತನ್ನು ನಾನು ಎತ್ತಲಿಲ್ಲ. ಯಾರೂ ಕೇಳಲೂ ಇಲ್ಲ. ಯಾರಿಗೂ ಅದು ನೆನಪೇ ಇರಲಿಲ್ಲ, ಹತ್ತರಿಂದ ಭಾಗಿಸಿ ಎಂದೋ ಬಿಸಾಕಿದ್ದರು.

ಅಪ್ಪ ಹದಿನಾರನೇ ದಿನ ಮನೆಗೆ ಬಂದರು. ಮಾತು ನಿಧಾನ, ಕೆಲವು ಪದಗಳು ದಾರಿಯಲ್ಲೇ ಉಳಿಯುತ್ತವೆ. ಬಲಗೈ ಏನನ್ನಾದರೂ ಹಿಡಿಯಲು ಹೋದಾಗ ಮಾತ್ರ ನಡುಗುತ್ತದೆ, ಸುಮ್ಮನಿದ್ದಾಗ ಇಲ್ಲ. ಚಮಚ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಚೆಲ್ಲುತ್ತದೆ. ತಮ್ಮನ ಹೆಂಡತಿ ಏನೂ ಆಗದವಳಂತೆ ಒರೆಸುತ್ತಾಳೆ.

ಪೈಪು ಗಲ್ಲಿಗೆ ಮರಳಿತು, ಗೋಡೆಗೆ ಫ್ಯಾನು ಬಂತು, ಮೀಟರು ಮೊಣಕಾಲೆತ್ತರಕ್ಕೆ ಇಳಿಯಿತು. ಚೀಟಿಗಳೀಗ ಅಂಗೈಯಗಲ ಇಲ್ಲ, ಕ್ಯಾಲೆಂಡರಿನಷ್ಟಿವೆ. ಪ್ರತಿಯೊಂದರ ಕೆಳಗೂ "ಯಾಕೆಂದರೆ" ಎಂದು ಶುರುವಾಗುವ ಸಾಲು. ತಮ್ಮ ಕನ್ನಡಕ ಹಾಕಿಕೊಂಡು ಓದುತ್ತಾನೆ, ತುಟಿ ಅಲ್ಲಾಡಿಸುತ್ತ.

ಬೆಳಿಗ್ಗೆ ಬಾಗಿಲು ತೆರೆದು ಮೀಟರ್ ನೋಡುವುದು ನನ್ನ ಕೆಲಸ. ಹೊಸ್ತಿಲ ಹೊರಗೇ ನಿಂತು, ಮಂಡಿಯೂರಿ, ಬಾಗಿ ನೋಡಬೇಕು. ನನ್ನ ಮಂಡಿ ಕೋಟೆ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ. ದಿನವೂ ಬಾಗುವ ಮುಂಚೆ ನನ್ನ ಅಂಗೈ ಬೆವರುತ್ತದೆ, ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

ನಿನ್ನೆ ಅಪ್ಪ ಗೋಡೆ ಹಿಡಿದು ನಡೆದು ಬಂದರು. ನಡುಗುವ ಕೈಯಲ್ಲಿ ಅರ ಇತ್ತು. ಶಟರ್ ಎತ್ತಿತ್ತು, ಗಲ್ಲಿಯ ಗೋಡೆಯ ಮೇಲೆ ಬೂದು ಬೆಕ್ಕು ಬಿಸಿಲು ಕಾಯುತ್ತ ಕೂತಿತ್ತು. ಅಪ್ಪ ಅದನ್ನೇ ತುಂಬ ಹೊತ್ತು ನೋಡಿದರು.

"ಅದು ಸತ್ತಿತ್ತಲ್ವಾ?"

"ಇಲ್ಲ ಅಪ್ಪ," ಎಂದೆ. "ಸೀನಿತು. ಅಷ್ಟೇ."

"ಪುಡಿ? ಒಂದು ಹಿಡಿ ಅಂದೆ."

"ಪುಡಿ ಬಂದೇ ಇರಲಿಲ್ಲ. ನಾನು ಸುಳ್ಳು ಹೇಳಿದೆ."

ಅಪ್ಪ ತಲೆಯಾಡಿಸಿದರು. ಎಷ್ಟು ಅರ್ಥವಾಯಿತೋ ನನಗೆ ತಿಳಿಯಲಿಲ್ಲ. ಅವರು ಬೈಯಲಿ ಎಂದು ಕಾದೆ. ಅವರು ಕೋಣೆಯೊಳಗೆ ತಮ್ಮ ಗಿಡ್ಡ ಸ್ಟೂಲಿನ ಕಡೆ ನೋಡಿ, ಮೂವತ್ತು ವರ್ಷ ಕೇಳಿದ ಅದೇ ದನಿಯಲ್ಲಿ ಕೇಳಿದರು.

"ಎಷ್ಟು?"

ಬಾಗಿ ನೋಡಿದೆ. "ಇಪ್ಪತ್ತು ಪಾಯಿಂಟ್ ಒಂಬತ್ತು."

"ಸರಿ ಹಾಗಾದ್ರೆ. ನೀನು ಹೇಳಿದ್ಮೇಲೆ ಮುಗೀತು."

ಅವರು ಹೊಸ್ತಿಲ ಆಚೆಗೆ ಕಾಲೆತ್ತಿದರು.

"ತಡಿ ಅಪ್ಪ," ಎಂದೆ. ಅವರ ಏಪ್ರನ್ನಿನ ಪಟ್ಟಿಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಸಲ ನೋಡಲು ಬಾಗಿದೆ.